ಐ ಇಲ್ಲದ ಕಲ್ಲು

ಮಾಲೂರು ತಾಲ್ಲೂಕಿನ ಬೌದ್ಧಿಕ ಚರಿತ್ರೆಯಲ್ಲೇ ಅತ್ಯಂತ ಗಂಭೀರವಾದ ಪ್ರಶ್ನೆಯೊಂದು ಈಚೆಗೆ ಎದ್ದಿತು: ಕಾಲೇಜಿನ ಗೇಟಿನ ಕಲ್ಲಿನ ಮೇಲೆ ಇಂಗ್ಲಿಷಿನ ಐ ಅಕ್ಷರ ಇರಬೇಕೆ, ಬೇಡವೆ? ಇದಕ್ಕಾಗಿ ಆಡಳಿತ ಮಂಡಳಿ ಬೋಂಡ ತರಿಸಿಕೊಂಡು ಸಭೆ ಸೇರಿತು.

ಕಲ್ಲಿನ ಮೇಲೆ ಕ್ವಾಂಟಂ ಸಿದ್ಧಾಂತದ ಸಮೀಕರಣ ಕೆತ್ತಿಸೋಣ ಎಂದವರು ಭೌತಶಾಸ್ತ್ರದ ಮೇಷ್ಟ್ರು, ಮುಳಬಾಗಿಲಿನ ಮುಕುಂದ್. ಯಾರ ಹಂಗೂ ಇಲ್ಲದೆ ಓಡಾಡುವ ಒಂಟಿ ಕಣದ ಸಮೀಕರಣ. ಅದರ ಕೆಳಗೆ ಅವರ ಹೆಸರು. ಕಲ್ಲಿನ ಮೇಲೆ ಹೆಸರು ಬರುತ್ತದೆಂದು ಮನೆಯಲ್ಲಿ ಹೇಳಿಯೂ ಆಗಿತ್ತು. ಅಷ್ಟರಲ್ಲಿ, ಸಮೀಕರಣದ ಮೊದಲಿಗೇ ಕೂತಿರುವ ಐ ಎಂದರೆ ಮೈನಸ್ ಒಂದರ ವರ್ಗಮೂಲ, ಬರೀ ಊಹಾ ಸಂಖ್ಯೆ ಎಂದು ಯಾರೋ ಅಧ್ಯಕ್ಷ ಕೋದಂಡರಾಮಪ್ಪನವರ ಕಿವಿಗೆ ಹಾಕಿದರು.

ಅಧ್ಯಕ್ಷರು ಗೌನಿಪಲ್ಲಿಯ ಮಾವಿನ ವ್ಯಾಪಾರಿ. ಹೂ ನೋಡಿಯೇ ಫಸಲು ಕೊಳ್ಳುವವರಿಗೆ ಊಹೆ ಹೊಸದಲ್ಲ. ಆದರೆ ಅದನ್ನು ಕಲ್ಲಲ್ಲಿ ಕೆತ್ತಿಸಲು ಅವರು ಒಪ್ಪಲಿಲ್ಲ.

ಐ ಏಕೆ ಬೇಕೆಂದು ಮುಕುಂದ್ ಸಭೆಗೆ ಬಿಡಿಸಿ ಹೇಳಿದರು. ಕಣಕ್ಕೆ ಎರಡು ದಾರಿಗಳಿದ್ದರೆ ಎರಡರ ಲೆಕ್ಕವನ್ನೂ ಕೂಡಬೇಕು. ಕೂಡಿದಾಗ ಕೆಲವೆಡೆ ಸೊನ್ನೆ ಬರುತ್ತದೆ, ಅಲ್ಲಿ ಕಣ ಸಿಗುವುದೇ ಇಲ್ಲ.

"ಏಮಯ್ಯಾ, ಗೌನಿಪಲ್ಲಿಯಿಂದ ಒಂದು ಲಾರಿ, ಮುಳಬಾಗಿಲಿಂದ ಒಂದು ಲಾರಿ ಮಂಡಿಗೆ ಬಂದ್ರೆ ಸೊನ್ನೆ ಲಾರಿನಾ?" ಎಂದರು ಅಧ್ಯಕ್ಷರು.

ಲಾರಿಗೆ ಗಾತ್ರ ಮಾತ್ರ, ಇದಕ್ಕೆ ಗಡಿಯಾರದ ಮುಳ್ಳಿನ ಹಾಗೆ ದಿಕ್ಕೂ ಇದೆ, ಆ ಮುಳ್ಳನ್ನು ತಿರುಗಿಸುವುದೇ ಐ ಎಂದರು ಮುಕುಂದ್. ಕೊನೆಗೆ ಪ್ರಯೋಗದಲ್ಲಿ ಸಿಗುವ ಉತ್ತರ ನಿಜವಾದ ಸಂಖ್ಯೆಯೇ ತಾನೆ ಎಂದು ಅಧ್ಯಕ್ಷರು ಕೇಳಿದರು. ಮುಕುಂದ್ ಪ್ರಾಮಾಣಿಕರು, ಹೌದೆಂದುಬಿಟ್ಟರು.

"ಮತ್ತಿನ್ನೇನು? ಶಿವಾರಪಟ್ಟಣದ ಶಿಲ್ಪಿಗಳು ವಿಗ್ರಹಕ್ಕೆ ಮೊದ್ಲು ಕಾವಿ ಗೆರೆ ಹಾಕ್ತಾರೆ, ಕೆಲ್ಸ ಆದ್ಮೇಲೆ ಒರಸ್ತಾರೆ. ಗೆರೆ ಸಮೇತ ಯಾರೂ ದೇವ್ರನ್ನ ಕೂರಿಸಲ್ಲ ಕಣಯ್ಯಾ. ನಿನ್ನ ಐನೂ ಒರಸು."

ಸಭೆಗೆ ಹೋಲಿಕೆ ಬಹಳ ಹಿಡಿಸಿತು. ಅದು ಗೆರೆಯಲ್ಲ, ಮೂಳೆ ಎಂದು ಮುಕುಂದ್ ಬೆವರುತ್ತ ಹೇಳಿದರು. ಐ ಬಿಟ್ಟು ಇದೇ ಸಿದ್ಧಾಂತ ಕಟ್ಟುವ ಒಂದು ಬಗೆಯನ್ನು ಈಚಿನ ಪ್ರಯೋಗಗಳು ಸುಳ್ಳು ಮಾಡಿವೆ ಎಂದರು. ಇದರ ಅರ್ಥದ ಬಗ್ಗೆ ಬಲ್ಲವರಲ್ಲೇ ಇನ್ನೂ ವಾದವಿದೆ ಎಂದೂ ಸೇರಿಸಿದರು. ಸೇರಿಸಬಾರದಿತ್ತು. ವಾದ ಇರುವುದನ್ನು ಗೇಟಿಗೆ ಹಾಕಬಾರದೆಂದು ಠರಾವಾಯಿತು.

ಕೆತ್ತನೆ ನಿಲ್ಲಿಸಲು ಮುಕುಂದ್ ಮರುದಿನವೇ ಬೈಕಿನಲ್ಲಿ, ಕಲ್ಲನ್ನು ಕೆತ್ತಲು ಕೊಟ್ಟಿದ್ದ ಶಿವಾರಪಟ್ಟಣಕ್ಕೆ ಹೋದರು. ಅಧ್ಯಕ್ಷರ ಫೋನು ಅವರಿಗಿಂತ ಮೊದಲೇ ತಲುಪಿತ್ತು. ಶಿಲ್ಪಿ ಗಂಗುಲಪ್ಪ ಐ ಬಿಟ್ಟು ಉಳಿದದ್ದನ್ನೆಲ್ಲ ಕೆತ್ತಿ, ಕಲ್ಲಿಗೆ ಪಾಲಿಶ್ ಹಾಕುತ್ತಿದ್ದ. ಮುಕುಂದ್ ಹೆಸರು ಸಮೀಕರಣಕ್ಕಿಂತ ದಪ್ಪವಾಗಿತ್ತು.

ಐ ತೆಗೆದರೆ ಉಳಿಯುವುದು ಶಾಖ ಹಿಂದಕ್ಕೆ ಹರಿಯುವ ಲೆಕ್ಕ, ಇದರ ಪ್ರಕಾರ ಆರಿದ ಕಾಫಿ ತಾನಾಗಿಯೇ ಬಿಸಿಯಾಗಬೇಕು ಎಂದು ಮುಕುಂದ್ ಅವನಿಗೆ ಹೇಳಿಕೊಂಡರು.

"ಒಳ್ಳೇದೇ ಅಲ್ವಾ ಸಾರ್," ಎಂದ ಗಂಗುಲಪ್ಪ.

"ಹೋಗ್ಲಿ, ನನ್ನ ಹೆಸರನ್ನಾದ್ರೂ ತೆಗಿಯಪ್ಪ."

"ಸೀಮೆಸುಣ್ಣನಾ ಸಾರ್, ಒರಸೋಕೆ? ಅಷ್ಟು ಆಳ ತೆಗದ್ರೆ ಕಲ್ಲೇ ಸೀಳ್ತದೆ."

ಶುಕ್ರವಾರ ಕಲ್ಲನ್ನು ಗೇಟಿನ ಎಡಕ್ಕೆ, ಐ ಇಲ್ಲದೆ, ಮುಕುಂದ್ ಹೆಸರಿನೊಂದಿಗೆ ನಿಲ್ಲಿಸಲಾಯಿತು.