ಲಿಫ್ಟಿನವನ ಇಂಗ್ಲಿಷ್ ಮಾತು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಉಳಿದ ಹಲ್ಲೂ ಉದುರಿಹೋಗಲಿ. ಆ ಆಫೀಸು ಕಟ್ಟಡದ ಲಿಫ್ಟ್ ಎಷ್ಟು ನಿಧಾನವೆಂದರೆ, ಕೆಳಗೆ ನುಣ್ಣಗೆ ಗಡ್ಡ ಹೆರೆಸಿಕೊಂಡು ಹತ್ತಿದವರು ಮೇಲೆ ಇಳಿಯುವಾಗ ಕೆನ್ನೆ ಕೆರೆದುಕೊಳ್ಳುತ್ತಿದ್ದರು. ಅದನ್ನು ನಡೆಸುವವನು ದಿನವಿಡೀ ಜನರ ನಡುವೆಯೇ ಇದ್ದ. ಆದರೆ ಲಿಫ್ಟನ್ನು ಏರಿಸಿ ಇಳಿಸುವ ಹಿಡಿಕೆಯತ್ತ ಮುಖ, ಜನರತ್ತ ಬೆನ್ನು; ಆ ಕಸುಬೇ ಹಾಗೆ. 'ಮೂರು', 'ಐದು' ಎಂಬುದರಾಚೆ ಯಾರೂ ಅವನೊಡನೆ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಗೋಡೆಗಳು ಅಷ್ಟನ್ನೂ ಆಡುತ್ತಿರಲಿಲ್ಲ.

ಆರನೇ ಮಹಡಿಯ ಟೈಪಿಸ್ಟ್ ಒಬ್ಬಳೇ "ಊಟ ಆಯ್ತಾ?" ಎನ್ನುತ್ತಿದ್ದಳು. ಆ ಎರಡು ಮಾತಿಗೆ ಅವನು ಚಾತಕಪಕ್ಷಿಯಾಗಿದ್ದ. ಈಗ ಅವಳಿಗೆ ವರ್ಗ. ಹೇಳಬೇಕಾದ್ದನ್ನು ಹೇಳಲು ನಮ್ಮ ಮಾತಿನಲ್ಲಿ ಅವನಿಗೆ ನಾಲಗೆಯೇ ಹೊರಳಲಿಲ್ಲ. ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದ.

"'ಐ ಆ್ಯಮ್ ಡ್ರಾನ್ ಟು ಯು' ಅನ್ನು," ಎಂದರು ಮೇಷ್ಟ್ರು. "ಅಂದ್ರೆ, ನಿಮ್ ಕಡೆಗೆ ನನ್ನನ್ನ ಏನೋ ಎಳೀತಿದೆ ಅಂತ. ತಪ್ಪು ನಿಂದಲ್ಲ, ಎಳೆಯೋದರದ್ದು."

"ನಮ್ ಲಿಫ್ಟ್ ಥರ?"

"ನಿಮ್ ಲಿಫ್ಟ್ ಯಾರನ್ನ ಎಳೆದಿದೆಯೋ ಮಾರಾಯಾ!"

ಅವಳ ಕೊನೆಯ ದಿನ ಸಂಜೆ, ಆರನೇ ಮಹಡಿಯಲ್ಲಿ ಅವಳೊಬ್ಬಳೇ ಹತ್ತಿದಳು. ಅವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಮಾತನ್ನು ಉರುಹೊಡೆಯತೊಡಗಿದ. ನಡುವೆಲ್ಲೋ ಯಾರೋ ಗಂಟೆ ಒತ್ತಿದರು. ಪಳಗಿದ ಕೈ ತಾನೇ ಲಿಫ್ಟ್ ನಿಲ್ಲಿಸಿ ಬಾಗಿಲು ತೆರೆಯಿತು, ತಾನೇ ಮುಚ್ಚಿತು. ಕೊನೆಗೆ ಹಿಡಿಕೆಗೇ ಹೇಳುವವನಂತೆ ಆ ಇಂಗ್ಲಿಷ್ ಮಾತನ್ನು ಹೇಳಿಬಿಟ್ಟ.

ಹಿಂದಿನಿಂದ ಮೂಗು ಸೀಟುವ ಸದ್ದು. ತಿರುಗಿದರೆ, ಕಟ್ಟಡವೇ ಹೆದರುತ್ತಿದ್ದ ಗಂಟುಮೋರೆ ಸಾಹೇಬರು! ಲಿಫ್ಟಿನ ನಿಧಾನ ತಾಳದೆ ನಡುವೆ ಅವಳು ಇಳಿದಿದ್ದಳು, ಇವರು ಹತ್ತಿದ್ದರು.

"ನನ್ ಹೆಂಡ್ತಿ ಹೋದ್ಮೇಲೆ," ಎಂದು ಸಾಹೇಬರು ಅವನ ಕೈ ಹಿಡಿದರು, "ಯಾರೂ ನನಗೆ ಇಂಥ ಮಾತು ಆಡಿರಲಿಲ್ಲ ಕಣಯ್ಯಾ."

ಅಷ್ಟರಲ್ಲಿ ಲಿಫ್ಟ್ ಕೆಳಗೆ ಮುಟ್ಟಿತ್ತು; ಬಾಗಿಲಿನ ಸರಳುಗಳಾಚೆ, ಮೆಟ್ಟಿಲಿಳಿದೇ ಬಂದಿದ್ದ ಅವಳು ಆಗಲೇ ರಸ್ತೆ ದಾಟುತ್ತಿದ್ದಳು. ಓಡಬಹುದಿತ್ತು. ಸಾಹೇಬರು ಕೈ ಬಿಡಲಿಲ್ಲ; ಬಿಡಿಸಿಕೊಳ್ಳಲು ಅವನಿಗೂ ಮನಸ್ಸಾಗಲಿಲ್ಲ.

ಅಂದಿನಿಂದ ಸಾಹೇಬರು ಕೆಲಸವಿಲ್ಲದಿದ್ದರೂ ಹತ್ತಿ ಇಳಿಯತೊಡಗಿದರು. ಒಂದು ದಿನ ಅವನು ಧೈರ್ಯ ಮಾಡಿದ.

"ಸಾರ್, ಆವತ್ತು ನಾನು ಆ ಮಾತು ಹೇಳಿದ್ದು ನಿಜವಾಗ್ಲೂ ಯಾರಿಗೆ ಅಂದ್ರೆ..."

"ನನಗಲ್ಲ ಅಂತ ಗೊತ್ತಯ್ಯಾ. ಆದ್ರೆ ಕೇಳಿಸಿಕೊಂಡೋನು ನಾನೇ ತಾನೇ?"

ಅವನು ಹಿಡಿಕೆ ನೋಡುತ್ತಲೇ ಕೇಳಿದ: "ಅವರ ಹೊಸ ಆಫೀಸು ಎಲ್ಲಿ ಅಂತ ನಿಮಗೇನಾದ್ರೂ..."

ತಿರುಗಿದರೆ, ಪಳಗಿದ ಕೈ ಯಾವಾಗಲೋ ಬಾಗಿಲು ತೆರೆದಿತ್ತು. ಸಾಹೇಬರು ಆಗಲೇ ಕಾರಿಡಾರಿನ ತಿರುವು ದಾಟಿದ್ದರು.