ಲೇಟ್ ಎರ್ರಣ್ಣನ ವಿಮಾನ

ಬಾದನಹಟ್ಟಿಯಿಂದ ಬಾದನಹಟ್ಟಿಗೆ ಬರಲಿಕ್ಕೆ ಯಾರಾದರೂ ಹಿಂದಿನ ದಿನವೇ ಬಳ್ಳಾರಿಗೆ ಹೋಗಿ ಕೂರುತ್ತಾರೆಯೇ? ಎರ್ರಣ್ಣ ಹೋಗಿದ್ದ. ಬ್ರೂಸ್‌ಪೇಟೆಯ ತಂಗಿಯ ಮನೆಯಲ್ಲಿ ಮಲಗಿ, ಬೆಳಗ್ಗೆ ಎದ್ದು ಗಡ್ಡ ಬೋಳಿಸಿಕೊಂಡು, ನಿವೃತ್ತಿಯ ದಿನಕ್ಕೆಂದು ಹೊಲಿಸಿದ್ದ ಬಿಳಿ ಅಂಗಿ ತೊಟ್ಟು, ಆಟೊ ಹಿಡಿದು ಬಂದು ವಿಮಾನ ನಿಲ್ದಾಣದ ಗೇಟಿನ ಮುಂದೆ ನಿಂತುಬಿಟ್ಟಿದ್ದ. ಅವನನ್ನು ವಿಮಾನದಲ್ಲಿ ಕರೆದೊಯ್ಯಲಿದ್ದ ಅಸ್ಮಾ ಅವನನ್ನು ಕಂಡು ನಕ್ಕಳು. ಅವಳ ಕಾಲೇಜಿನ ದಿನಗಳಲ್ಲೂ ಹೀಗೆಯೇ. ಅವಳು ಬರುವ ಮೊದಲೇ ಅವನು ಬಂದು ನಿಂತಿರುತ್ತಿದ್ದ, ಒಂದು ಬಸ್ಸು ತುಂಬ ಜನರ ಸಮೇತ.

ಎರ್ರಣ್ಣ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ರಾತ್ರಿ ಕರೂರಿನಲ್ಲಿ ತಂಗಿ, ಬೆಳಗ್ಗೆ ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೊರಡುವ ಬಸ್ಸು ಅವನದು. ಅಸ್ಮಾ ಕರೂರಿನ ಬಾನುಬೀಯ ಮಗಳು. ಬಾನುಬೀ ಬತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ಮುಂದಾಳು, ಇನ್ನೂ ಮಬ್ಬಿರುವಾಗಲೇ ಗದ್ದೆಗೆ ಇಳಿಯುವವಳು. ಗಂಡನಿಲ್ಲದ ಸಂಸಾರ. ಹಾಗಾಗಿ ನೀರು ತುಂಬಿ, ರೊಟ್ಟಿ ಬಡಿದು, ತಮ್ಮಂದಿರಿಬ್ಬರನ್ನು ಶಾಲೆಗೆ ದಬ್ಬುವ ಕೆಲಸವೆಲ್ಲ ಅಸ್ಮಾಳದು. ಅದೆಲ್ಲ ಮುಗಿಸಿ ಅವಳು ಒದ್ದೆ ಜಡೆಯಲ್ಲೇ ಓಣಿಯಿಂದ ಓಡಿ ಬರುವಷ್ಟರಲ್ಲಿ ಬಸ್ಸು ಹೊರಡುವ ಹೊತ್ತು ಮೀರಿಹೋಗಿರುತ್ತಿತ್ತು. ಕಂಡಕ್ಟರ್ ಜೋಗಪ್ಪ "ರೈಟ್, ರೈಟ್" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಎರ್ರಣ್ಣ ಎಂಜಿನ್ ಚಾಲೂ ಮಾಡಿಟ್ಟು, ಕನ್ನಡಿಯಲ್ಲಿ ಓಣಿಯ ತುದಿಯನ್ನೇ ನೋಡುತ್ತ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

"ನಿಂದ್ರಲೇ ಜೋಗ, ಬರ್ತಾಳ" ಎನ್ನುತ್ತಿದ್ದ. ಅಷ್ಟೇ ಅವನ ವಾದ.

ಅವಳೇನೋ ಬರುತ್ತಿದ್ದಳು. ಆದರೆ ಬಸ್ಸು ಸಿರುಗುಪ್ಪಕ್ಕೂ ತಡ, ಬಳ್ಳಾರಿಗೂ ತಡ. ಡಿಪೋದಲ್ಲಿ ಬೈಗುಳ ತಿಂದವನು ಎರ್ರಣ್ಣ. ಹೊತ್ತಿಗೆ ಸರಿಯಾಗಿ ಗಾಡಿ ಓಡಿಸಿದವರಿಗೆ ಕೊಡುವ ಪದಕ ವರ್ಷ ವರ್ಷವೂ ಬೇರೆಯವರ ಎದೆಗೇರಿತು. ಜೋಗಪ್ಪ ತಮಾಷೆಗೆಂದು ಅಂಟಿಸಿದ 'ಲೇಟ್ ಎರ್ರಣ್ಣ' ಎಂಬ ಹೆಸರು ದಾರಿಯುದ್ದಕ್ಕೂ ಹಬ್ಬಿ, ಕೊನೆಗೆ ಅವನ ಸ್ವಂತ ಊರು ಬಾದನಹಟ್ಟಿಯಲ್ಲೂ ನಿಂತುಬಿಟ್ಟಿತು. ಮದುವೆಯ ಊಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂತರೂ ಜನ "ಬಂದ್ರಾ ಲೇಟ್ ಎರ್ರಣ್ಣ" ಅಂತಲೇ ಕರೆದರು. ಅಸ್ಮಾಳಿಗೆ ಈ ಕತೆಯೆಲ್ಲ ಗೊತ್ತಾದದ್ದು ಅವಳು ವಿಮಾನ ಹಾರಿಸಲು ಕಲಿತು, ಕಲಿಸುವವಳೂ ಆದ ಮೇಲೆ. ಗೊತ್ತಾದ ದಿನ ಅವಳಿಗೆ ಅನ್ನ ಇಳಿಯಲಿಲ್ಲ.

ಹಾಗಾಗಿ ಚಂದ್ರಣ್ಣನ ಕೂಟದ ಸುದ್ದಿ ಬಂದಾಗ ಅವಳು ಒಂದೇ ಮಾತಿಗೆ ಒಪ್ಪಿದಳು. ಚಂದ್ರಣ್ಣ ಬಾದನಹಟ್ಟಿಯ ಮೆಣಸಿನಕಾಯಿ ಬೆಳೆಗಾರ. ನಲವತ್ತು ದಾಟಿದ ಮೇಲೆ ವಿಮಾನದ ಹುಚ್ಚು ಹತ್ತಿ ಅಸ್ಮಾಳ ಹತ್ತಿರವೇ ಕಲಿತವನು. ತನ್ನ ಹೊಲದಲ್ಲಿ ಉದ್ದಕ್ಕೆ ಗರಿಕೆ ಬೆಳೆಸಿ, ಕಲ್ಲು ಆರಿಸಿ, ರೋಲರ್ ಓಡಿಸಿ ವಿಮಾನ ಇಳಿಯುವ ಪಟ್ಟಿ ಮಾಡಿದ್ದ. ಸಣ್ಣ ವಿಮಾನದವರೆಲ್ಲ ಅಲ್ಲಲ್ಲಿಂದ ಹಾರಿ ಬಂದು ಇಳಿಯುವುದು, ಕೂಡಿ ಉಣ್ಣುವುದು, ಒಬ್ಬರ ವಿಮಾನವನ್ನು ಇನ್ನೊಬ್ಬರು ತಟ್ಟಿ ನೋಡುವುದು, ಸಂಜೆಯೊಳಗೆ ಮರಳುವುದು. ಕೂಟವೆಂದರೆ ಇಷ್ಟೇ. ಅನುಮತಿ ಸಿಕ್ಕಿದ್ದು ಈ ಒಂದು ದಿನಕ್ಕೆ, ಇಳಿಯುವುದು ಹನ್ನೊಂದು ಗಂಟೆಯೊಳಗೆ. ಮುಂದಿನ ವರ್ಷದ ಮಾತೇ ಇಲ್ಲ, ಹೊಲದ ಪಕ್ಕದಲ್ಲೇ ಹೈಟೆನ್ಷನ್ ತಂತಿಯ ಕಂಬಗಳು ಏಳುವುದಿದ್ದವು.

ಲೇಟ್ ಎರ್ರಣ್ಣ ಎಂದು ನಕ್ಕ ಊರಿನೆದುರು ಅವನನ್ನು ಮೇಲಿಂದ ಇಳಿಸಬೇಕು, ಅದೂ ಹೇಳಿದ ಹೊತ್ತಿಗೆ ಸರಿಯಾಗಿ. ಅಸ್ಮಾಳ ಆಸೆ ಇದೊಂದೇ. ಹತ್ತು ಗಂಟೆಗೆ ಇಳಿಯುತ್ತೇವೆ ಎಂದು ಅವಳು ಊರಿಗೇ ಸಾರಿಸಿದ್ದಳು.

ಎರಡೇ ಸೀಟಿನ ವಿಮಾನ. ಇಬ್ಬರ ಮುಂದೆಯೂ ಹಿಡಿಕೆ, ಇಬ್ಬರ ಕಾಲ ಬಳಿಯೂ ಪೆಡಲು. ಎರ್ರಣ್ಣನಿಗೆ ಬೆಲ್ಟು ಬಿಗಿದು, ಹೆಡ್‌ಫೋನು ಹಾಕಿ, ಅಸ್ಮಾ ಹೇಳಿದಳು: "ಕಾಕಾ, ಕಾಲು ಹಿಂದಕ್ಕ ಇಟ್ಕೋರಿ. ಯಾವುದನ್ನೂ ತುಳೀಬ್ಯಾಡ್ರಿ."

"ನಾ ಯಾಕ ತುಳೀಲಿ ಮಗಳ? ನಾ ಇವತ್ತು ಪ್ಯಾಸೆಂಜರ್ ಅದೀನಿ" ಎಂದ ಎರ್ರಣ್ಣ. ಹಾಗೆನ್ನುವಾಗಲೇ ಅವನ ಬಲಗಾಲು ಇಲ್ಲದ ಬ್ರೇಕು ಹುಡುಕುತ್ತಿತ್ತು. ಜೀವಮಾನವೆಲ್ಲ ಡ್ರೈವರ್ ಸೀಟಿನಲ್ಲಿ ಕೂತವನ ಕಾಲು ಅದು, ಹೇಳಿದ ಮಾತು ಎಲ್ಲಿ ಕೇಳೀತು.

ವಿಮಾನ ಮೇಲೆದ್ದಿತು. ಬಳ್ಳಾರಿಯ ಗುಡ್ಡ ಒಂದು ಬದಿಗೆ ಸರಿಯಿತು. ಅಸ್ಮಾ ಬೇಕೆಂದೇ ಸುತ್ತು ದಾರಿ ಹಿಡಿದು ಸಿರುಗುಪ್ಪದ ರಸ್ತೆಯ ಮೇಲೆಯೇ ಹಾರಿದಳು. ಎರ್ರಣ್ಣ ಕಿಟಕಿಗೆ ಮೂಗು ಹಚ್ಚಿ ತನ್ನ ರಸ್ತೆಯನ್ನು ನೋಡಿದ. ಕಾಲುವೆ, ಕೊಯ್ಲಾದ ಬತ್ತದ ಗದ್ದೆಗಳು, ಕಣದಲ್ಲಿ ಒಣಗಲು ಹರವಿದ ಕೆಂಪು ಮೆಣಸಿನಕಾಯಿ, ಅವುಗಳ ನಡುವೆ ನೂಲಿನಂಥ ರಸ್ತೆ. ಅದರ ಮೇಲೊಂದು ಬಸ್ಸು ತೆವಳುತ್ತಿತ್ತು.

"ಇಷ್ಟ ಸಣ್ಣ ದಾರಿ ಏನಲೇ ಇದು!" ಎಂದು ತನಗೆ ತಾನೇ ಹೇಳಿಕೊಂಡ. ಅವನ ಕಣ್ಣಂಚು ಒದ್ದೆಯಾದದ್ದನ್ನು ಅಸ್ಮಾ ನೋಡಿದರೂ ನೋಡದವಳಂತೆ ಎದುರಿಗೆ ದಿಟ್ಟಿಸಿದಳು.

ಕುರುಗೋಡಿನ ಕಲ್ಲುಗುಡ್ಡಗಳು ಕಂಡವು, ಬಾದನಹಟ್ಟಿ ಕಂಡಿತು, ಹಸಿರು ಪಟ್ಟಿಯೂ ಕಂಡಿತು. ಪೂರ್ವದ ತುದಿಗೆ ಶಾಮಿಯಾನ, ಅದರ ಪಕ್ಕ ಆಗಲೇ ಬಂದಿಳಿದ ನಾಲ್ಕು ವಿಮಾನ, ಸುತ್ತ ಜನವೋ ಜನ. ಹತ್ತಕ್ಕೆ ಇನ್ನೂ ಸ್ವಲ್ಪ ಇತ್ತು. ಅಸ್ಮಾ ಇಳಿಯಲೆಂದು ವಿಮಾನವನ್ನು ತಿರುಗಿಸಿದಳು. ಅಷ್ಟರಲ್ಲೇ ರೇಡಿಯೋದಲ್ಲಿ ಚಂದ್ರಣ್ಣನ ದನಿ ಅರಚಿತು.

"ಮೇಡಂ, ಇಳೀಬ್ಯಾಡ್ರಿ! ಪಟ್ಟಿಗೆ ನೀರು ಹೊಡದಾರ!"

ನಡೆದದ್ದು ಇಷ್ಟು. ಮೊದಲು ಬಂದ ವಿಮಾನಗಳು ಇಳಿಯುವಾಗ ಗರಿಕೆಯ ಸಂದಿಯಿಂದ ಧೂಳೆದ್ದು ಶಾಮಿಯಾನದ ಮೇಲೆ ಬಂದಿತ್ತು. ಎರ್ರಣ್ಣನ ಹೆಂಡತಿ ಮೂಕಮ್ಮ ಅದನ್ನು ನೋಡಿದಳು. ಹೆಸರಿಗೆ ಮೂಕಮ್ಮ, ಬಾಯಿ ತೆರೆದರೆ ಊರಿಗೆ ಊರೇ ಎದ್ದು ಕೆಲಸಕ್ಕೆ ಹತ್ತಬೇಕು. ಮನೆಗೆ ನೆಂಟರು ಬರುತ್ತಾರೆಂದರೆ ಅಂಗಳಕ್ಕೆ ನೀರು ಹೊಡೆದು ಧೂಳು ಕೂರಿಸುವುದು ಅವಳು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಪದ್ಧತಿ. ಇವತ್ತು ಬರುವವನು ಗಂಡ, ಅದೂ ಬಿಳಿ ಅಂಗಿಯಲ್ಲಿ, ಅದೂ ವಿಮಾನದಲ್ಲಿ. ಮೈದುನನ ಮಗ ಹುಲುಗೇಶನ ಟ್ರ್ಯಾಕ್ಟರ್ ಟ್ಯಾಂಕರ್ ಕಾಲುವೆಯ ದಂಡೆಯಲ್ಲೇ ಇತ್ತು. ಚಂದ್ರಣ್ಣ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಮುಂದೆ ಕೂತಿದ್ದ ಹೊತ್ತು ನೋಡಿ ಹುಲುಗೇಶ ಶಾಮಿಯಾನದ ಕಡೆಯಿಂದ ಶುರು ಮಾಡಿ ಧಾರಾಳವಾಗಿ ನೀರು ಬಿಟ್ಟ. ಅಂಗಳವಾಗಿದ್ದರೆ ಎಲ್ಲರೂ ಭೇಷ್ ಅನ್ನುತ್ತಿದ್ದರು. ಇದು ಎರೆ ಹೊಲ. ನೀರು ಬಿದ್ದ ಎರೆ ಮಣ್ಣು ಎತ್ತಿನ ಕಾಲನ್ನೇ ಬಿಡುವುದಿಲ್ಲ, ಓಡಿ ಬರುವ ವಿಮಾನದ ಸಣ್ಣ ಚಕ್ರವನ್ನು ಬಿಟ್ಟೀತೇ? ಹಿಡಿದುಕೊಂಡರೆ ವಿಮಾನ ಮೂಗಿನ ಮೇಲೆ ನಿಲ್ಲುತ್ತದೆ.

"ಎಲ್ಲೀಮಟ ನೀರು ಬಿದ್ದೈತಿ?" ಎಂದು ಅಸ್ಮಾ ಕೇಳಿದಳು.

"ಅರ್ಧಕ್ಕ ನಿಲ್ಲಿಸೀನಿ ಅಂತಾನ ಹುಲುಗೇಶ. ಆದ್ರ ಟ್ಯಾಂಕರಿನ ನಳ ಸರಿಯಾಗಿ ಬಂದ್ ಆಗಲ್ಲ, ಸೋರಿಕೊಂತ ಹೋಗೈತಿ. ಹುಲ್ಲಿನ ಮ್ಯಾಲೆ ಏನೂ ಕಾಣವಲ್ದು. ನೀವು ಬಳ್ಳಾರಿಗೆ ವಾಪಸ್ ಹೋಗ್ರಿ ಮೇಡಂ, ಅದ ಚಲೋ."

ಮೇಲಿನಿಂದ ಅಸ್ಮಾಳಿಗೂ ಕಾಣಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹಸಿರು. ಪಡುವಣದ ಅರ್ಧ ಒಣಗಿದ್ದರೆ ಅವಳಿಗೆ ಅಷ್ಟು ಸಾಕಿತ್ತು, ಆದರೆ ಒಣ ನೆಲ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ ಇಳಿಯುವವಳಲ್ಲ ಅವಳು. ಕಲಿಯುವವರಿಗೆ ಅವಳು ಮೊದಲು ಹೇಳಿಕೊಡುವ ಪಾಠವೇ ಅದು, ಅನುಮಾನ ಬಂದರೆ ಮರಳು. ಪಾಠ ಸರಿಯೇ. ಆದರೆ ಅಷ್ಟು ಮುತುವರ್ಜಿಯಿಂದ ಹೊಂದಿಸಿದ ದಿನ ಕೈಗೆ ಬಂದಂತೆ ಬಂದು ಜಾರುತ್ತಿತ್ತು.

"ಕಾಕಾ, ವಾಪಸ್ ಹೋಗಬೇಕಾಗತೈತಿ. ತಪ್ಪು ತಿಳ್ಕೋಬ್ಯಾಡ್ರಿ" ಎಂದಳು.

ಎರ್ರಣ್ಣ ಕೆಳಗೆ ನೋಡುತ್ತಿದ್ದ. "ಎಣ್ಣಿ ಐತೇನು?"

"ಬೇಕಾದಷ್ಟು ಐತ್ರಿ."

"ಹಂಗಾರ ನಿಂದ್ರು. ಅಲ್ಲಿ ನೋಡು, ಯಾರೋ ಓಡಾಕ ಹತ್ಯಾರ."

ಶಾಮಿಯಾನದಿಂದ ಹೆಂಗಸರ ಸಾಲೊಂದು ಪಟ್ಟಿಯ ಪಕ್ಕದಲ್ಲೇ ಪಡುವಣ ತುದಿಯ ಕಡೆಗೆ ಓಡುತ್ತಿತ್ತು. ಮುಂದಿದ್ದ ನೀಲಿ ಸೀರೆ ಮೂಕಮ್ಮ. ಅವಳ ಜೊತೆಗಿದ್ದ ಹಸಿರು ಸೀರೆಯನ್ನು ಅಸ್ಮಾ ಎಷ್ಟು ಎತ್ತರದಿಂದಲಾದರೂ ಗುರುತಿಸುತ್ತಿದ್ದಳು. ಅವಳ ಅಮ್ಮ ಬಾನುಬೀ. ಮಗಳು ಇಳಿಯುವುದನ್ನು ನೋಡಲೆಂದು ತನ್ನ ನಾಟಿ ಗುಂಪನ್ನೆಲ್ಲ ಟ್ರಾಕ್ಸ್ ಜೀಪಿನಲ್ಲಿ ತುಂಬಿಸಿಕೊಂಡು ಕರೂರಿನಿಂದ ಬಂದವಳು. ಹೆಂಗಸರು ಚಪ್ಪಲಿ ಕಳಚಿ, ನಾಟಿಗೆ ನಿಲ್ಲುವಂತೆಯೇ ಪಟ್ಟಿಯ ಅಗಲಕ್ಕೂ ಸಾಲಾಗಿ ನಿಂತು, ಪಡುವಣ ತುದಿಯಿಂದ ಬರಿಗಾಲಲ್ಲಿ ನಡೆಯತೊಡಗಿದರು. ನಾಟಿಗೆ ಹಿಂದಕ್ಕೆ ಸರಿಯುವವರು ಇವತ್ತು ಮುಂದಕ್ಕೆ ಬರುತ್ತಿದ್ದರು, ವ್ಯತ್ಯಾಸ ಅಷ್ಟೇ.

"ಮೇಡಂ, ನಿಮ್ಮ ಅಮ್ಮಾರು ನನ್ನ ಮಾತು ಕೇಳವಲ್ರು" ಎಂದು ಚಂದ್ರಣ್ಣ ರೇಡಿಯೋದಲ್ಲಿ ಅಲವತ್ತುಕೊಂಡ. "ಕಾಲಿಗೆ ಮಣ್ಣು ಎಲ್ಲಿ ಹತ್ತತೈತೋ ಅಲ್ಲಿ ನಿಂದ್ರತೀವಿ, ನಮ್ಮ ಹುಡುಗಿಗೆ ಕಾಯಾಕ ಹೇಳು ಅಂತಾರ. ನೀವೇನಂತೀರಿ?"

ಅಸ್ಮಾ ಗಡಿಯಾರ ನೋಡಿದಳು. ಹತ್ತಾಗಿಹೋಗಿತ್ತು. ಸಾಲು ಮೆಲ್ಲಗೆ, ಬಹಳ ಮೆಲ್ಲಗೆ ಬರುತ್ತಿತ್ತು. "ಟೈಮ್ ಮೀರಿತು ಕಾಕಾ. ಹತ್ತಕ್ಕ ಅಂತ ಊರಿಗೆಲ್ಲ ಹೇಳಿದ್ದೆ."

"ಮೀರಲಿ ಬಿಡು" ಎಂದ ಎರ್ರಣ್ಣ. "ಬರ್ತಾರ, ನಿಂದ್ರು."

ಆ ಮಾತನ್ನು ಅಸ್ಮಾ ಕತೆಯಲ್ಲಿ ಕೇಳಿದ್ದಳು, ಅವನ ಬಾಯಿಂದ ಕೇಳಿದ್ದು ಇದೇ ಮೊದಲು. ಓಣಿಯಲ್ಲಿ ಓಡುವ ಹುಡುಗಿಗೆ ಬಸ್ಸಿನೊಳಗಿನ ಮಾತು ಎಂದೂ ಕೇಳಿಸಿರಲಿಲ್ಲ. ಹಿಂದಿನಿಂದ ಜನ ಬೈಯುತ್ತಿರುವಾಗ, ಗಡಿಯಾರ ಮುಂದೆ ಓಡುತ್ತಿರುವಾಗ, ಒಬ್ಬರಿಗಾಗಿ ಎಂಜಿನ್ ಚಾಲೂ ಇಟ್ಟುಕೊಂಡು ಕೂರುವುದೆಂದರೆ ಹೇಗಿರುತ್ತದೆಂದು ಇವತ್ತೇ ಅವಳಿಗೆ ತಿಳಿದದ್ದು. ಇದನ್ನು ಈ ಮನುಷ್ಯ ದಿನಾ ಬೆಳಗ್ಗೆ ಮಾಡಿದ್ದ. ಬಳಗವಲ್ಲ, ಜಾತಿಯಲ್ಲ, ತನ್ನ ಊರಿನವಳೂ ಅಲ್ಲದ ಹುಡುಗಿಗಾಗಿ ಮಾಡಿದ್ದ. ಅವಳು ವಿಮಾನವನ್ನು ಓರೆ ಮಾಡಿ ಮೆಣಸಿನಕಾಯಿ ಕಣಗಳ ಮೇಲೆ ಸುತ್ತು ಹಾಕಿದಳು. ಮತ್ತೊಂದು ಹಾಕಿದಳು. ಎಷ್ಟು ಹಾಕಿದಳೋ ಲೆಕ್ಕವಿಡಲಿಲ್ಲ.

ಅರ್ಧ ಪಟ್ಟಿಗೂ ಸ್ವಲ್ಪ ಮೊದಲೇ ಸಾಲು ನಿಂತಿತು. ಬಾನುಬೀ ಕಾಲೆತ್ತಿ ಅಂಗಾಲು ನೋಡಿಕೊಂಡು ಕೈ ಅಡ್ಡ ಆಡಿಸಿದಳು. ಸಾಲು ಎರಡಾಗಿ ಒಡೆದು ಪಟ್ಟಿಯ ಎರಡೂ ಬದಿಗೆ ದೂರ ಸರಿದು ನಿಂತಿತು, ಈ ಬದಿಗೆ ನೀಲಿ ಸೀರೆ ಮುಂದೆ, ಆ ಬದಿಗೆ ಹಸಿರು. ಅವೆರಡರ ನಡುವೆ ಗೆರೆ ಎಳೆದುಕೊಂಡರೆ ಆಯಿತು. ಅದೇ ಒಣ ನೆಲದ ಕೊನೆ. ಅಲ್ಲಿಯವರೆಗಿನ ಒಣ ಪಟ್ಟಿಯನ್ನು ಅಸ್ಮಾ ಕಣ್ಣಲ್ಲೇ ಅಳೆದಳು. ಸಾಕು, ಮಿಕ್ಕಿ ಉಳಿಯುವಷ್ಟು ಇದೆ.

"ಕಾಕಾ, ಕಾಲು" ಎಂದಳು.

ಎರ್ರಣ್ಣ ಎರಡೂ ಮೊಣಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. "ಹಿಡದೀನಿ. ರೈಟ್, ಹೋಗವ್ವ!"

ಪಟ್ಟಿಯ ಪಡುವಣ ಅಂಚು ಎದ್ದು ಬಂತು. ಅವಳು ಎಂಜಿನ್ ಸದ್ದು ಇಳಿಸಿ, ಹುಲ್ಲಿನ ಮೊದಲ ಮೊಳಕ್ಕೇ ಚಕ್ರ ತಾಗಿಸಿದಳು. ವಿಮಾನ ಕುಲುಕಿತು, ಧೂಳೆದ್ದಿತು. ಧೂಳು ಕಂಡು ಅವಳಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಬ್ರೇಕು ಹಿಡಿದಳು. ನೀಲಿ ಸೀರೆ ಹತ್ತಿರವಾಯಿತು, ಹಸಿರು ಸೀರೆ ಹತ್ತಿರವಾಯಿತು, ಅವುಗಳಿಗಿನ್ನೂ ಒಳ್ಳೇ ಅಂತರವಿರುವಾಗಲೇ ವಿಮಾನ ನಿಂತಿತು.

ಎಂಜಿನ್ ಆರಿದ ಮೇಲೆ ಶಾಮಿಯಾನದ ಮೈಕು ಕೇಳಿಸಿತು. ಮೈಕು ಹಿಡಿದವನು ಬೇರಾರೂ ಅಲ್ಲ, ಕಂಡಕ್ಟರ್ ಜೋಗಪ್ಪ. ಅವನೂ ನಿವೃತ್ತನಾಗಿದ್ದ, ಗಂಟಲು ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು. "ಕೇಳ್ರಪೋ ಕೇಳ್ರಿ! ಬಸ್ ಆತು, ಈಗ ವಿಮಾನನೂ ಲೇಟ್! ಬಂದ್ರು ನಮ್ಮ ಲೇಟ್ ಎರ್ರಣ್ಣ!"

ಊರು ನಕ್ಕಿತು, ಸಿಳ್ಳೆ ಹಾಕಿತು, ಚಪ್ಪಾಳೆ ತಟ್ಟಿತು. ಅಸ್ಮಾ ಅಳುಕುತ್ತ ಎರ್ರಣ್ಣನ ಮುಖ ನೋಡಿದಳು. ಆ ಹೆಸರನ್ನು ಅಳಿಸಬೇಕೆಂದೇ ಅವಳು ಇಷ್ಟೆಲ್ಲ ಮಾಡಿದ್ದಳು. ಎರ್ರಣ್ಣನ ಮುಖವೋ ಪದಕ ಸಿಕ್ಕವನ ಮುಖದಂತಿತ್ತು. ಬಾಗಿಲು ತೆರೆದು, ಬಿಳಿ ಅಂಗಿಯ ತೋಳು ಜಗ್ಗಿಕೊಂಡು, ಜೋಗಪ್ಪನಿಗೆ ಕೇಳುವಂತೆ ಕೂಗಿ ಹೇಳಿದ:

"ಲೇ ಜೋಗ, ನಮ್ಮ ಮಂದಿ ಬರಾದಿತ್ತಲೇ. ಕಾದ್ವಿ!"

ಅಸ್ಮಾ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀವು ಕಾಯಲಿಲ್ಲಂದ್ರ ನಾ ಕರೂರ ದಾಟ್ತಿರಲಿಲ್ಲ ಕಾಕಾ" ಎಂದಳು.

"ನೀ ಓಡಿ ಬರ್ತಿದ್ದಿ, ನಾ ಕಾದೆ. ಬರದಕಿಗೆ ಯಾರು ಕಾಯ್ತಾರವ್ವ?" ಎಂದ ಎರ್ರಣ್ಣ ಅವಳ ತಲೆ ಸವರಿದ. ಆಮೇಲೆ ಮುಂದಕ್ಕೆ ಕೈ ತೋರಿಸಿದ. "ಅಲ್ಲಿ ನೋಡು."

ಪಟ್ಟಿಯ ಎರಡೂ ಬದಿಗೆ ಹೆಂಗಸರು ಇನ್ನೂ ಹಾಗೆಯೇ ನಿಂತಿದ್ದರು. ಇನ್ನು ಕದಲಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನೀರು ಹೊಡೆಸಿದ ತಪ್ಪಿಗೆ ಮೂಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಬಾನುಬೀಯ ಎರಡೂ ಕಾಲಿಗೆ ಎರೆ ಮಣ್ಣು ಬೂಟಿನಂತೆ ಮೆತ್ತಿತ್ತು, ಬಿಸಿಲಿಗೆ ಅಡ್ಡಲಾಗಿ ಹಣೆಗೆ ಕೈ ಹಿಡಿದು ಅವಳು ಮಗಳನ್ನೇ ನೋಡುತ್ತಿದ್ದಳು.

ಅಸ್ಮಾ ವಿಮಾನದಿಂದ ಹಾರಿ ಓಡಿದಳು. ಕಾದು ನಿಂತವರ ಕಡೆಗೆ ಓಡುವುದು ಅವಳಿಗೆ ಹಳೆಯ ರೂಢಿ.