ಮುಫರ್ರಿಹ್ ಅಜ್ಜನ ಬಾವಿ

ಪುಕ್ಕಟೆ ಸಿಗುವ ಯಾವುದನ್ನೂ ಮೈಮೂನತ್ ನಂಬುವವಳಲ್ಲ. ಸೌದಿಯ ಬೆಟ್ಟದೂರು ಅಭಾದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರ್ಸ್ ಆಗಿ ದುಡಿದವಳು. "ನನಗೇನೂ ನೋವಿಲ್ಲ" ಅನ್ನುವ ರೋಗಿಯ ಹೊಟ್ಟೆಯನ್ನೇ ಮೊದಲು ಒತ್ತಿ ನೋಡುವವಳು. ಹಾಗಾಗಿ ಗಂಡ ಮಿಸ್ಬಾಹ್ ಒಂದು ದಿನ, "ಬೆಟ್ಟದ ಮೇಲೊಂದು ಕಲ್ಲಿನ ಮನೆ ಉಂಟು. ಮೆಟ್ಟಿಲು ಗದ್ದೆ, ಬಾವಿ ಎಲ್ಲ ಉಂಟು. ಬಾಡಿಗೆ ಬೇಡವಂತೆ, ನೋಡಿಕೊಂಡರೆ ಸಾಕಂತೆ" ಎಂದಾಗ ಅವಳು ಕೇಳಿದ್ದು ಒಂದೇ ಮಾತು.

"ಅಷ್ಟು ಒಳ್ಳೆಯದಿದ್ದರೆ ಅಲ್ಲಿದ್ದವರು ಯಾಕೆ ಬಿಟ್ಟು ಹೋದರು?"

ಮಿಸ್ಬಾಹ್ ಫೋನ್ ತೆಗೆದು ವೀಡಿಯೊ ತೋರಿಸಿದ. ಹಿಮ ಬೀಳುವ ಯಾವುದೋ ದೇಶದಲ್ಲಿ ಒಂದು ಜೋಡಿ ತಮ್ಮದೇ ಗೋಧಿ ಬೀಸಿ, ತಮ್ಮದೇ ಆಡಿನ ಹಾಲು ಕರೆದು, ಯಾರ ಹಂಗೂ ಇಲ್ಲದೆ ಬದುಕುತ್ತಿತ್ತು. ಅಂಥ ವೀಡಿಯೊಗಳನ್ನು ಅವನು ದಿನವಿಡೀ ನೋಡುತ್ತಿದ್ದ. ಮೊಬೈಲ್ ಅಂಗಡಿಗಳಲ್ಲಿ ಸೌದಿಯವರೇ ಇರಬೇಕೆಂಬ ಕಾನೂನು ಬಂದು, ಅವನು ರಿಪೇರಿಗೆ ಕೂರುತ್ತಿದ್ದ ಅಂಗಡಿಯ ಶಟರ್ ಕಳೆದ ವರ್ಷವೇ ಬಿದ್ದಿತ್ತು. ಈಗ ಅವನು ಹೆಂಡತಿಯ ಇಕಾಮಾದ, ಅಂದರೆ ವಾಸದ ಪರವಾನಗಿಯ, ಆಸರೆಯಲ್ಲಿದ್ದ. ಅವಳನ್ನು ಡ್ಯೂಟಿಗೆ ಬಿಡುವುದು, ಕರೆತರುವುದು, ನಡುವೆ ಅನ್ನ ಬೇಯಿಸುವುದು.

"ನೋಡಿ ಬರುವ. ನೋಡಿದರೆ ಎಂತ ಹೋಗುತ್ತದೆ ಮಾರಾಯ್ತಿ?" ಎಂದ.

ಜನವರಿಯ ಒಂದು ಶುಕ್ರವಾರ ಹೊರಟರು. ಪೇಟೆ ದಾಟಿ ರಸ್ತೆ ಮೇಲೇರಿದಂತೆ ಮಂಜು ಕಾರಿನ ಗಾಜಿಗೆ ಒತ್ತಿಕೊಂಡು ಬಂತು. ಮೈಮೂನತ್ ಸುಮ್ಮನೆ ಕೂತು ಲೆಕ್ಕ ಹಾಕುತ್ತಿದ್ದಳು: ಡಾಂಬರು ಎಲ್ಲಿಗೆ ಮುಗಿಯಿತು, ಕೊನೆಯ ಬಕಾಲಾ ದಿನಸಿ ಅಂಗಡಿ ಎಲ್ಲಿತ್ತು, ಮಳೆಗೆ ಈ ತಿರುವಿನಲ್ಲಿ ಬಂಡೆ ಉರುಳಿದರೆ ರೋಗಿಯನ್ನು ಕೆಳಗಿಳಿಸುವುದು ಹೇಗೆ.

ಮನೆಯ ಮುಂದೆ ಮುಫರ್ರಿಹ್ ಕಾಯುತ್ತಿದ್ದ. ಜಾಗದ ಯಜಮಾನ, ಬಿಳಿ ಗಡ್ಡದ, ಉಣ್ಣೆಯ ನಿಲುವಂಗಿ ಹೊದ್ದ ಮುದುಕ. ಮಕ್ಕಳೆಲ್ಲ ಪೇಟೆ ಸೇರಿದ್ದರು, ಅವನೂ ಈಗ ಅವರ ಜೊತೆಯೇ ಇದ್ದ. ಸಲಾಮ್ ಆದ ಮೇಲೆ ಅವನು ಅವಳತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಿಸ್ಬಾಹ್ ನಡುವೆ ನುಗ್ಗಿ, "ಮನೆ ಗಟ್ಟಿ ಉಂಟು ಅಂತ ಹೇಳ್ತಿದ್ದಾನೆ" ಎಂದು ಕನ್ನಡಕ್ಕೆ ತಂದ. ಮೈಮೂನತ್‌ಗೆ ವಿಚಿತ್ರ ಎನಿಸಿತು. ವಾರ್ಡಿನಲ್ಲಿ ದಿನವೂ ಅರಬಿ ಮಾತಾಡುವವಳು ಅವಳು. ಗಂಡನದು ಅಂಗಡಿಯ ಹರಕು ಮುರುಕು ಅರಬಿ. ಮುದುಕ ಏನನ್ನೋ ಮುಚ್ಚಿಡುತ್ತಿದ್ದಾನೆ, ಇವನ ತಲೆಗೆ ಅದು ಹೊಳೆದಿಲ್ಲ, ಎಂದುಕೊಂಡಳು.

ಮನೆ ನಿಜಕ್ಕೂ ಗಟ್ಟಿಯಿತ್ತು. ಗೋಡೆ ಮೊಳ ದಪ್ಪ. ಆದರೆ ಸೂರಿನ ಒಂದು ಮೂಲೆಯಲ್ಲಿ ಆಕಾಶ ಕಾಣುತ್ತಿತ್ತು, ಒಲೆಯ ಹೊಗೆ ಹೋಗಲು ದಾರಿಯಿರಲಿಲ್ಲ. ಗದ್ದೆಯಲ್ಲಿ ಅವಳು ಮಣ್ಣನ್ನು ಹಿಡಿಯಲ್ಲಿ ಹಿಸುಕಿ ನೋಡಿದಳು. ಮಣ್ಣು ಕೆಟ್ಟದ್ದಲ್ಲ, ಮೇಲೆ ಮಾತ್ರ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಮೇಲಿನ ಅಂಚಿನಲ್ಲಿ ಕುಳಿತ ಕೋತಿಗಳ ಹಿಂಡು ಬಂದವರು ಏನು ಬಿತ್ತುತ್ತಾರೆಂದು ಕಾಯುವಂತೆ ನೋಡುತ್ತಿತ್ತು.

"ಇದಕ್ಕೆಲ್ಲ ದಾರಿ ಉಂಟು. ನೀನು ಮೊದಲು ಬಾವಿ ನೋಡು, ಬಾ" ಎಂದು ಮಿಸ್ಬಾಹ್ ಅವಸರ ಮಾಡಿದ.

ಬಾವಿಗೆ ಕೊಡ ಇಳಿಸಿ, ತುಂಬಿಸಿ ಎಳೆದು, "ಹೇಗೆ?" ಎಂದು ಹುಬ್ಬು ಹಾರಿಸಿದ. ಕುಣಿಯುವುದೊಂದು ಬಾಕಿ. ಮೈಮೂನತ್ ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ತಂದವಳು ಹಾಗೇ ನಿಂತಳು. ಆ ವಾಸನೆ ಅವಳಿಗೆ ಚೆನ್ನಾಗಿ ಗೊತ್ತು. ಆಸ್ಪತ್ರೆಯ ನಲ್ಲಿಯಲ್ಲಿ ದಿನಾ ಕೈ ತೊಳೆಯುವಾಗ ಬರುವ ಕ್ಲೋರಿನ್ ವಾಸನೆ. ಬೆಟ್ಟದ ಬಾವಿಗೆ ಕ್ಲೋರಿನ್ ಎಲ್ಲಿಂದ ಬರಬೇಕು? ಬಗ್ಗಿ ನೋಡಿದಳು. ಕಲ್ಲುಗಳಲ್ಲಿ ಎಲ್ಲೂ ಪಾಚಿಯಿಲ್ಲ. ಕಟ್ಟೆಯ ಹೊರಗಿನ ಕೆಸರಿನಲ್ಲಿ ಲಾರಿಯ ಅಗಲವಾದ ಚಕ್ರದ ಗುರುತು ಇನ್ನೂ ಹಸಿಯಾಗಿತ್ತು.

ಮುದುಕ ನಮ್ಮನ್ನು ಮೋಸದ ಗುಂಡಿಗೆ ತಳ್ಳುತ್ತಿದ್ದಾನೆ ಎಂದು ಅವಳ ಮೈ ಉರಿಯಿತು. ಪುಕ್ಕಟೆ ಕಾವಲಿಗೆ, ಗೋಡೆ ರಿಪೇರಿಗೆ ಒಬ್ಬ ಬಡಪಾಯಿ ಸಿಕ್ಕಿದ್ದಾನೆ, ಅಷ್ಟೇ! ಗಂಡನಿಗೆ ಏನೂ ಹೇಳದೆ, "ಚಳಿ ಜೋರಾಯಿತು, ಸ್ವಲ್ಪ ಕಟ್ಟಿಗೆ ತನ್ನಿ" ಎಂದು ಅವನನ್ನು ಮೇಲಿನ ಮರಗಳತ್ತ ಕಳಿಸಿದಳು. ಆಮೇಲೆ ಅಗ್ಗಿಷ್ಟಿಕೆಯ ಬೆಂಕಿಯಲ್ಲಿ ಕಾಫಿ ಕಾಯಿಸುತ್ತಿದ್ದ ಮುದುಕನ ಎದುರು ಹೋಗಿ ನಿಂತು ಅರಬಿಯಲ್ಲೇ ಕೇಳಿದಳು.

"ಬಾವಿಗೆ ಟ್ಯಾಂಕರ್ ನೀರು ಯಾವಾಗ ಸುರಿದಿರಿ?"

ಅವನು ತಬ್ಬಿಬ್ಬಾಗಲಿಲ್ಲ. "ನಿನ್ನೆ, ಮಗಳೇ" ಎಂದ. "ನಾನಲ್ಲ, ನಿನ್ನ ಗಂಡ ಕಳಿಸಿದ್ದು. ಬಿರುಕು ಬಿಟ್ಟ ಬಾವಿ, ವಾರ ಕಳೆದರೆ ಇಂಗಿಹೋಗುತ್ತದೆ, ಸುಮ್ಮನೆ ಯಾಕೆ ಅಂದೆ. ಹೆಂಡತಿಗೆ ಒಂದು ಕೊಡ ಎತ್ತಿ ತೋರಿಸಬೇಕು ಅಂದ."

ಮೈಮೂನತ್ ತಿರುಗಿ ಬಾವಿಯತ್ತ ನೋಡಿದಳು.

"ನೀರು ಹೋಯಿತೆಂದೇ ನಾವು ಊರು ಬಿಟ್ಟದ್ದು" ಎಂದ ಮುದುಕ. "ಅವನಿಗೆ ಮೊದಲ ದಿನವೇ ಹೇಳಿದ್ದೆ. ನಿನಗೂ ಹೇಳಹೊರಟೆ, ಅವನು ಬಿಡಲಿಲ್ಲ" ಎಂದವನು ಕಾಫಿಯ ಬಟ್ಟಲು ಅವಳತ್ತ ಚಾಚಿದ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಸಂಶಯಪಟ್ಟಿದ್ದಕ್ಕೆ ಅವನ ಮುಖ ನೋಡಲಾಗಲಿಲ್ಲ.

ಮಿಸ್ಬಾಹ್ ಕಟ್ಟಿಗೆ ಹೊತ್ತು ಇಳಿದು ಬಂದ. ಅವಳ ಮುಖ ನೋಡಿಯೇ ಹೊರೆ ಕೆಳಗೆ ಹಾಕಿದ.

"ನನಗೂ ಸುಳ್ಳು ಹೇಳುವುದಾ?" ಎಂದಳು ಮೈಮೂನತ್. ಸ್ವರ ಏರಲಿಲ್ಲ.

"ಮಳೆ ಬಂದರೆ ತುಂಬುತ್ತಿತ್ತು" ಎಂದ ಅವನು. "ನೀನು ಬತ್ತಿದ ಬಾವಿ ನೋಡಿ ಬೇಡ ಅಂದರೆ ಮುಗಿಯಿತಲ್ಲ. ಇಲ್ಲಿಯಾದರೂ ನನ್ನ ಕೈಯಿಂದ ಏನಾದರೂ ಬೆಳೆಯಬಹುದು ಅಂತ ಇತ್ತು. ಕೆಳಗೆ ನಾನು ಯಾರು? ಮೈಮೂನತ್ ಸಿಸ್ಟರ್‌ನ ಡ್ರೈವರ್" ಎಂದ.

"ಇನ್ನೇನು ಮುಚ್ಚಿಟ್ಟಿದ್ದೀರಿ?"

ಅವನು ಕೈಗೆ ಚುಚ್ಚಿದ್ದ ಕಟ್ಟಿಗೆಯ ಸಿಬಿರು ಕೀಳುತ್ತಾ ನಿಂತ. "ನೀನು ಬೇಸಿಗೆಗೆ ಕೆಲಸ ಬಿಟ್ಟು ಇಲ್ಲಿಗೇ ಬರುತ್ತಿ ಅಂತ ಅಜ್ಜನಿಗೆ ಹೇಳಿದ್ದೆ."

ಅವಳಿಗೆ ಬೈಯಬೇಕೆನಿಸಿತು, ಅಳಬೇಕೂ ಅನಿಸಿತು. ಎರಡನ್ನೂ ಮಾಡದೆ ಅವನ ಕೈ ಹಿಡಿದು, ಉಗುರಿನಿಂದ ಸಿಬಿರು ಎಳೆದು ತೆಗೆದಳು. "ಇಲ್ಲಿ ಇಬ್ಬರೂ ಸಾಯುತ್ತೇವೆ. ನೀವು ಡ್ರೈವರ್ ಆಗಿರುವುದೂ ಬೇಡ. ಬೇರೆ ಏನಾದರೂ ಹುಡುಕುವ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡು."

ಬೆಟ್ಟ ಇಳಿದು ಬಂದ ಮೇಲೂ ಎಷ್ಟೋ ದಿನ ಅವನು ಏನು ಹೇಳಿದರೂ ಮೈಮೂನತ್ ಒಳಗೊಳಗೇ ಇನ್ನೊಮ್ಮೆ ತೂಗಿ ನೋಡುತ್ತಿದ್ದಳು. ತರಕಾರಿ ತಾಜಾ ಉಂಟು ಎಂದರೂ ಸಂಶಯವೇ. ಅವನಿಗೂ ಅದು ಗೊತ್ತಾಗುತ್ತಿತ್ತು, ಸಹಿಸಿಕೊಂಡ.

ಹಜ್ಜಿನ ಸೀಸನ್ ಮುಗಿಯುವ ಹೊತ್ತಿಗೆ ಜಿದ್ದಾದ ಶರಫಿಯಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಖಾಲಿದ್ ಸಾಹೇಬರು ಅವನ ಇಕಾಮಾವನ್ನು ತಮ್ಮ ಅಂಗಡಿಯ ಹೆಸರಿಗೆ ಮಾಡಿಸಿಕೊಂಡು ಕೆಲಸ ಕೊಟ್ಟರು. ಮಿಸ್ಬಾಹ್ ಒಬ್ಬನೇ ಹೋದ. ತಿಂಗಳಿಗೊಮ್ಮೆ ಅಭಾಕ್ಕೆ ಬರುವುದೆಂದಾಯಿತು. ಮೊದಲ ಶುಕ್ರವಾರವೇ ಅವನ ಫೋನ್ ಬಂತು. ಹಿಂದೆ ಜನಜಂಗುಳಿಯ ಗದ್ದಲ.

"ಹೇಗುಂಟು?" ಎಂದು ಮೈಮೂನತ್ ಕೇಳಿದಳು.

"ಎಂತ ಹೇಳುವುದು, ಸೆಖೆ ತಡೆಯಲಿಕ್ಕಾಗುವುದಿಲ್ಲ. ಒಂದು ಗಿರಾಕಿಗೆ ಅಳತೆ ತಪ್ಪಿ ಬಟ್ಟೆ ಹರಿದೆ, ಸಾಹೇಬರು ಎಲ್ಲರೆದುರು ಬೈದರು" ಎಂದ.

ಅವಳಿಗೆ ಅಯ್ಯೋ ಎನಿಸಿತು. ಆದರೂ ಬಹಳ ದಿನಗಳ ಮೇಲೆ, ಅವನ ಮಾತನ್ನು ಅವಳು ಹಾಗೆಯೇ ನಂಬಿದಳು.